ಸಾಯಲು ಬಿಡದ ನ್ಯಾಯ

ಅರವತ್ತರ ದಶಕದ ಕೊನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರ ಪಾದ್ರಿಗಳ ಶಾಲೆಯಲ್ಲಿ ನಾನು ಮೇಷ್ಟ್ರು. ಆ ವರ್ಷ ಯೇಸುವಿನ ನಾಟಕ ಆಡಿಸಬೇಕೆಂದು ಪಾದ್ರಿಗಳಿಗೆ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಗಡ್ಡ ಇದ್ದವನು ನಾನೊಬ್ಬನೇ, ಹಾಗಾಗಿ ನಾನೇ ಯೇಸು. ಶಿಲುಬೆಯ ಮೇಲೆ ಸಾಯುವಾಗಿನ ಮಾತುಗಳನ್ನು ಕೆರೆ ಏರಿಯ ಮೇಲೆ ನಿಂತು ಎಮ್ಮೆಗಳು ಬೆಚ್ಚಿಬೀಳುವ ಹಾಗೆ ಅಭ್ಯಾಸ ಮಾಡಿದೆ. ನಾಟಕದ ನೆಪದಲ್ಲಿ ನನ್ನನ್ನು ನೋಡಿಕೊಂಡು ಹೋಗಲು ಕೆ.ಆರ್. ನಗರದಿಂದ ಹೆಣ್ಣಿನ ತಂದೆ ಬರುವವರಿದ್ದರು. ಚೆನ್ನಾಗಿ ಸತ್ತರೆ ಮದುವೆ ಗಟ್ಟಿ ಎಂದು ನಂಬಿಕೊಂಡಿದ್ದೆ.

ಯೇಸುವಿಗೆ ಮರಣದಂಡನೆ ಹೇಳುವ ಯೆಹೂದಿ ಮಹಾಯಾಜಕನ ಪಾತ್ರಕ್ಕೆ ಪಾದ್ರಿಗಳು ಊರಿನ ಯಜಮಾನರನ್ನೇ ಹಿಡಿದರು. ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಮನುಷ್ಯ, ಕಂಠವೂ ಅಂಥದ್ದೇ. ಅಭ್ಯಾಸದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸ್ವಾಮಿ, ಆ ಜನದಲ್ಲಿ ನ್ಯಾಯದ ಕಟ್ಲೆ ಏನು?"

ಪಾದ್ರಿಗಳು ಓದಿಕೊಂಡವರು, ಸುಳ್ಳು ಹೇಳುವವರಲ್ಲ. "ಪ್ರಾಣ ತೆಗೆಯೋ ಶಿಕ್ಷೆ ಆದ್ರೆ ಇಬ್ಬರು ಸಾಕ್ಷಿಗಳ ಮಾತು ಕೂಡಬೇಕು. ರಾತ್ರಿ ವಿಚಾರಣೆ ಮಾಡೋ ಹಾಗಿಲ್ಲ, ಅದೇ ದಿನ ಶಿಕ್ಷೆ ಹೇಳೋ ಹಾಗಿಲ್ಲ ಅಂತ ಅವರ ಗ್ರಂಥಗಳಲ್ಲಿದೆ. ಯೇಸು ವಿಷಯದಲ್ಲಿ ಅದ್ಯಾವುದೂ ನಡೀಲಿಲ್ಲ" ಎಂದುಬಿಟ್ಟರು.

"ಕಟ್ಲೆ ಚೆಂದಾಗದೆ" ಎಂದು ಯಜಮಾನರು ತಲೆದೂಗಿದರು. ನನಗೆ ಆಗಲೇ ಎದೆ ಧಸಕ್ಕೆನ್ನಬೇಕಿತ್ತು. ನಾನು ಹೆಣ್ಣಿನ ಧ್ಯಾನದಲ್ಲಿದ್ದೆ.

ನಾಟಕದ ದಿನ ಇಳಿಹೊತ್ತಿಗೆ ಶಾಲೆಯ ಅಂಗಳ ತುಂಬಿತ್ತು. ನನ್ನ ಕೈಕಟ್ಟಿ ನಿಲ್ಲಿಸಿದರು. ಗುಡಿ ಕೆಡವುತ್ತೇನೆ ಎಂದ ಅಂತ ಒಬ್ಬ ಸಾಕ್ಷಿ ಹೇಳಿದ. ಇಲ್ಲ, ಕಟ್ಟುತ್ತೇನೆ ಎಂದ ಅಂತ ಇನ್ನೊಬ್ಬ. ನಾಟಕ ಬರೆದಿದ್ದೇ ಹಾಗೆ. ಈಗ ಯಜಮಾನರು ಅಂಗಿ ಹರಿದುಕೊಂಡು, ಇವನು ಸಾಯಲಿ ಎನ್ನಬೇಕು. ಅವರು ಅಂಗಿ ಮುಟ್ಟಲಿಲ್ಲ.

"ಸಾಕ್ಷಿ ಕೂಡ್ನಿಲ್ಲ. ಇವ್ನ ಕಡೆಯೋರು ಯಾರವ್ರೆ?"

ಜನರ ನಡುವಿನಿಂದ ಮುದುಕಿಯೊಬ್ಬಳು ಎದ್ದಳು. "ನಾನಿದ್ದೀನಿ ಕಣಪ್ಪ. ಚಿನ್ನದಂತ ಮೇಷ್ಟ್ರು."

ನಾನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ: "ಯಜಮಾನ್ರೇ, ತಪ್ಪೆಲ್ಲಾ ನಂದೇ. ಸಾಯ್ಸಿ!"

ಅದೇ ಎಡವಟ್ಟಾಯಿತು. ತಪ್ಪು ಒಪ್ಪಿಕೊಂಡವನಿಂದ ಊರದೇವತೆಗೆ ತಪ್ಪುಕಾಣಿಕೆ ಹಾಕಿಸಿ ಬಿಟ್ಟುಬಿಡುವುದು ಅಲ್ಲಿನ ವಾಡಿಕೆ.

"ಒಪ್ಕೊಂಡವ್ನೆ. ಮಾರಮ್ಮಂಗೆ ತಪ್ಪುಕಾಣಿಕೆ ಆಕ್ಬುಟ್ಟು ಮನೆಗೋಗ್ಲಿ!"

ಜನ ಶಿಳ್ಳೆ ಹೊಡೆಯುತ್ತಾ ಎದ್ದರು. ಯಾರೋ ಬಂದು ನನ್ನ ಕೈ ಹಗ್ಗ ಬಿಚ್ಚಿದರು. ಪರದೆ ಹಿಂದೆ ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಅಳುವೇ ಬಂತು.

"ಎಲ್ರಿಗೂ ಗೊತ್ತಿರೋ ಕಥೆ! ಬರೀ ನಾಟಕ ಅಲ್ವೇನ್ರೀ ಇದು?" ಎಂದು ಯಜಮಾನರ ಮೇಲೆ ಹರಿಹಾಯ್ದೆ.

"ನೀವು ಗಡ್ಡ ಬೋಳುಸ್ಕಂಡು ಬ್ಯಾರೆ ಊರ್ಗೆ ಓಯ್ತೀರಿ ಮೇಷ್ಟ್ರೇ. ನಾಳಿಕೆ ಇದೇ ಜನ ನನ್ ಮುಂದೆ ನ್ಯಾಯಕ್ಕೆ ಬತ್ತಾರೆ. ಸಾಕ್ಷಿ ಕೂಡ್ದೆ ಒಬ್ಬನ್ನ ಸಾಯ್ಸಿದ್ದ ಕಂಡೋರು ನನ್ನ ಎಂಗೆ ನಂಬ್ತಾರೆ?"

ಅಷ್ಟರಲ್ಲಿ ಹೆಣ್ಣಿನ ತಂದೆ ಬಂದರು. ನನ್ನ ಕಡೆ ತಿರುಗಿಯೂ ನೋಡದೆ ಯಜಮಾನರಿಗೆ ಕೈಮುಗಿದರು.

"ಈ ಮೇಷ್ಟ್ರು ಎಂತೋರು ಅಂತ ನೀವೇ ಯೋಳ್ಬುಡಿ ಯಜಮಾನ್ರೇ. ನಿಮ್ಮ ಮಾತಾದ್ರೆ ನಂಬ್ತೀನಿ."

ಯಜಮಾನರು ನನ್ನನ್ನು ನಿಧಾನವಾಗಿ ಅಡಿಯಿಂದ ಮುಡಿಯವರೆಗೆ ನೋಡಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.