ಮುಂದಿನ ಸರ್ವ್ ಬೀಳುವ ಮುಂಚೆ

ನಮ್ಮಕ್ಕನ ಮುಂದೆ ಆಡಬಾರದ ಮಾತು ಒಂದೇ ಒಂದು. ಅವಳ ವಯಸ್ಸು ಕೇಳಬಹುದು, ತೂಕ ಕೇಳಬಹುದು, ಭಾವನನ್ನು ಯಾಕೆ ಮದುವೆಯಾದೆ ಎಂದೂ ಕೇಳಬಹುದು. ಉತ್ತರ ಭಾವನ ಎದುರಿಗೇ ಸಿಗುತ್ತದೆ. ‘ಸ್ಪೋರ್ಟಿವ್ ಆಗಿ ತಗೋ’ ಎಂದು ಮಾತ್ರ ಅನ್ನಕೂಡದು.

ಅಕ್ಕ ಹಿಂದೆ ವಾಲಿಬಾಲ್ ತಂಡದ ಕ್ಯಾಪ್ಟನ್. ಬೀದಿಯವರು ಈಗಲೂ ಕ್ಯಾಪ್ಟನ್ ಅಂತಲೇ ಕರೆಯುವುದು. ಅದೇ ಮೈದಾನದಲ್ಲಿ ಹುಡುಗರ ತಂಡದಲ್ಲಿ ನಾನೂ ಇದ್ದೆ. ಇದ್ದೆ ಎಂದರೆ ಬೆಂಚಿನಲ್ಲಿದ್ದೆ. ಆಡುವವರ ವಾಚು, ಟವೆಲ್ಲು, ಚಪ್ಪಲಿ ಕಾಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬಟ್ಟೆ ಕೊಳೆ ಮಾಡಿಕೊಳ್ಳದೆ ಮನೆಗೆ ಬರುವ ಆಟಗಾರ ಎಂದು ಅಮ್ಮನಿಗೆ ನನ್ನ ಮೇಲೆ ಬಹಳ ಅಭಿಮಾನ.

ಆಟ ಬಿಟ್ಟ ಮೇಲೆ ಅಕ್ಕ ಲಾಂಡ್ರಿ ಇಟ್ಟಳು. ಎರಡು ಒಗೆಯುವ ಮೆಷಿನ್, ಒಂದು ಹಿಂಡುವ ಮೆಷಿನ್, ಉದ್ದನೆಯ ಇಸ್ತ್ರಿ ಮೇಜು, ಕೆಲಸಕ್ಕೆ ಇಬ್ಬರು ಹೆಂಗಸರು. ಸ್ಟೇಷನ್ ಪಕ್ಕದ ಹೋಟೆಲಿನ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಎಲ್ಲ ಇಲ್ಲಿಗೇ ಬರುತ್ತಿದ್ದವು. ಬಿಡಿ ಗಿರಾಕಿಗಳ ಶರ್ಟು ಪ್ಯಾಂಟಿನಿಂದ ಕರೆಂಟ್ ಬಿಲ್ಲು ಸಾಗುತ್ತಿತ್ತು. ಮನೆ ಸಾಗುತ್ತಿದ್ದದ್ದು ಹೋಟೆಲಿನ ಬಿಳಿ ಬಟ್ಟೆಯಿಂದ. ಅಕ್ಕನೂ ಇಸ್ತ್ರಿಯಾಕೆಯೂ ಎದುರುಬದುರು ನಿಂತು ಶೀಟಿನ ತುದಿ ಹಿಡಿದು ಮಡಿಸುವುದನ್ನು ನೋಡಬೇಕು. ಮಾತಿಲ್ಲ, ಎಲ್ಲ ಕಣ್ಣಿನಲ್ಲೇ. ಈಗಲೂ ಪಾಸ್ ಕೊಡುತ್ತಿದ್ದಾಳೆ ಅನ್ನಿಸುತ್ತದೆ.

ಹೀಗಿರುವಾಗ ಮೇಲಿನ ಮಹಡಿಗೆ ಜಿಮ್ ಬಂತು.

ಅದರ ಮಾಲೀಕ ತನ್ನನ್ನು ಎಲ್ಲರೂ ಕೋಚ್ ಅನ್ನಬೇಕೆಂದ. ಯಾವ ಆಟಕ್ಕಪ್ಪ ಎಂದರೆ ‘ಲೈಫ್‌ಗೆ’ ಅಂದ. ಗೋಡೆಯ ತುಂಬ ಬರೆಸಿದ್ದ: ಸೋಲನ್ನು ನಗುತ್ತ ಸ್ವೀಕರಿಸು. ನೋವು ನಿನ್ನ ಗೆಳೆಯ. ಆ ಗೆಳೆಯನ ಪರಿಚಯ ನಮಗೆ ಮೊದಲ ವಾರವೇ ಆಯಿತು. ಮೇಲೆ ಯಾರೋ ತೂಕ ಎತ್ತಿ ಧೊಪ್ಪೆಂದು ಬಿಟ್ಟರು. ಕೆಳಗೆ ನಮ್ಮ ಚಾವಣಿಯ ಗಾರೆ ಪುರುಪುರು ಎಂದು ಒಗೆದಿಟ್ಟ ಶೀಟುಗಳ ಮೇಲೆ ಉದುರಿತು. ಬಿಳಿ ಬಟ್ಟೆಯ ಮೇಲೆ ಬಿಳಿ ಪುಡಿ ಕಣ್ಣಿಗೆ ಕಾಣುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಹರಿದಾಗ ಕರಕರ ಅನ್ನುತ್ತದೆ, ಗೆರೆ ಬೀಳುತ್ತದೆ, ಮತ್ತೆ ಮೊದಲಿಂದ ಒಗೆತ.

ಅಕ್ಕ ಮೇಲೆ ಹೋಗಿ ಹೇಳಿದಳು.

“ನೀವೇ ಆಟ ಆಡಿದೋರು ಮೇಡಂ, ಸ್ಪೋರ್ಟಿವ್ ಆಗಿ ತಗೊಳ್ಳಿ,” ಅಂದ ಕೋಚ್. “ಬಿಸಿನೆಸ್ ಅಂದ್ಮೇಲೆ ಅಡೆತಡೆ ಬರತ್ತೆ.”

“ಅಡೆತಡೆ ಬಂದಿಲ್ಲ. ಗಾರೆ ಬಂದಿದೆ.”

ಬಿಲ್ಡಿಂಗ್ ಯಜಮಾನರಿಗೆ ಫೋನ್ ಮಾಡಿದಳು. ಇಬ್ಬರೂ ಬಾಡಿಗೆ ಕೊಡೋರೇ, ಸ್ವಲ್ಪ ಹೊಂದ್ಕೊಂಡು ಹೋಗಿ ಎಂದರು. ಭಾವನೂ ಅನ್ನಬಾರದ ಮಾತು ಅಂದುಬಿಟ್ಟರು. ಆ ರಾತ್ರಿ ನಮ್ಮ ಮನೆಯಲ್ಲಿ ಊಟ ಮಾಡಿದರು. ನಾನು ಮಾತ್ರ ಜಾಣ. ಆ ಮಾತು ಬಾಯಿಂದ ತೆಗೆಯದೆ, ಅದೇ ಅರ್ಥದ ಒಂದು ಉಪಾಯ ಹೇಳಿದೆ: ಚಾವಣಿಯ ಕೆಳಗೆ ಹಳೆಯ ಶೀಟು ಅಡ್ಡ ಕಟ್ಟು. ಕಟ್ಟಿದಳು. ಗಾರೆ ತುಂಬಿ ತುಂಬಿ ಅದು ದಿನೇ ದಿನೇ ಹೊಟ್ಟೆ ಬಿಟ್ಟುಕೊಂಡು ನನ್ನ ಹಾಗೇ ಕಾಣತೊಡಗಿತು.

ಒಂದು ಬೆಳಿಗ್ಗೆ ಹೋಟೆಲಿನ ಮೇಲ್ವಿಚಾರಕಿ ತಾನೇ ಬಂದಳು. ಹಾಸಿಗೆಯಲ್ಲಿ ಮರಳು ಇದೆ ಎಂದು ಅತಿಥಿಗಳು ದೂರುತ್ತಿದ್ದಾರಂತೆ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಮೇಲೆ ಧೊಪ್ಪೆಂದಿತು. ನನ್ನ ಉಪಾಯದ ಗಂಟು ಬಿಚ್ಚಿ, ಅಷ್ಟೂ ಗಾರೆ ಆಕೆಯ ಹೆಗಲ ಮೇಲೆ ಸುರಿಯಿತು. ಆಕೆ ಕೂಗಾಡಲಿಲ್ಲ. ಕರವಸ್ತ್ರದಿಂದ ಒರೆಸಿಕೊಂಡು, “ಇವತ್ತು ಸಂಜೆಯೊಳಗೆ ಎಲ್ಲಾ ಶೀಟು ಕ್ಲೀನಾಗಿ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬೇರೆಯವರಿಗೆ ಕೊಡ್ತೀವಿ,” ಎಂದು ಹೋದಳು.

ಅಕ್ಕನ ಮುಖ ನೋಡಿ ಇಸ್ತ್ರಿಯವರಿಬ್ಬರೂ ಮೆಷಿನ್ನಿನ ಹಿಂದೆ ಸರಿದರು. ಸರಿಯಲು ನನಗೆ ಜಾಗ ಉಳಿದಿರಲಿಲ್ಲ.

“ಅಕ್ಕ, ಸ್ವಲ್ಪ…”

“ಹೇಳು. ಸ್ಪೋರ್ಟಿವ್ ಅಂತ ತಾನೆ?”

“ನಾನೆಲ್ಲಂದೆ?”

“ಮುಖದಲ್ಲಿ ಬರ್ಕೊಂಡಿದ್ದೀಯ. ಆಡಿದೋಳು ನಾನು ಕಣೋ. ರೆಫ್ರಿ ತಪ್ಪು ಕೊಟ್ರೆ ಕ್ಯಾಪ್ಟನ್ ಹೋಗಿ ಕೇಳ್ಬೇಕು. ಮುಂದಿನ ಸರ್ವ್ ಬೀಳೋ ಮುಂಚೆ ಕೇಳ್ಬೇಕು. ಬಾಲ್ ಮೇಲೆ ಹೋಯ್ತೋ, ಆ ಪಾಯಿಂಟು ಒಪ್ಕೊಂಡ ಹಾಗೆ. ಇಷ್ಟು ದಿನ ದಿನಾ ಒಂದೊಂದು ಪಾಯಿಂಟ್ ಬಿಟ್ಕೊಟ್ಟೆ. ಬೆಂಚಲ್ಲಿ ಕೂತೋರ ಮಾತು ಕೇಳ್ಕೊಂಡು.”

ಕೊನೆಯದು ಯಾರಿಗೆ ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಮೈ ಉರಿಯುತ್ತಿತ್ತು. ಸ್ಪೋರ್ಟಿವ್ ಆಗಿರು ಎಂದು ಹೇಳುವವರನ್ನು ಗಮನಿಸಿ. ಅವರ್ಯಾರೂ ಏಟು ತಿಂದವರಲ್ಲ. ಒಂದೋ ಕೊಟ್ಟವರು, ಇಲ್ಲವೇ ದೂರದಲ್ಲಿ ನಿಂತು ನೋಡಿದವರು.

ಅಕ್ಕ ಮೆಟ್ಟಿಲು ಹತ್ತಿದಳು, ಹಿಂದೆಯೇ ನಾನು. ಅಲ್ಲಿ ಸರಿಯಾಗಿ ನಮ್ಮ ಇಸ್ತ್ರಿ ಮೇಜಿನ ನೆತ್ತಿಯ ಮೇಲೆ ಒಬ್ಬ ದಾಂಡಿಗ ತೂಕದ ಮುಂದೆ ಬಗ್ಗಿ ನಿಂತಿದ್ದ. ಅವನಿಗೂ ತೂಕಕ್ಕೂ ನಡುವೆ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಆಂಟಿ, ನಂದು ಅರ್ಧ ಆಗಿದೆ,” ಎಂದ ದಾಂಡಿಗ.

“ನಂದೂ ಅರ್ಧ ಆಗಿದೆ ಮಗ. ಇಸ್ತ್ರಿ.” ನನ್ನತ್ತ ತಿರುಗಿದಳು. “ಏನ್ ನೋಡ್ತೀಯೋ? ಶೀಟು, ಇಸ್ತ್ರಿ, ಸಣ್ಣ ಮೇಜು, ಎಲ್ಲಾ ಮೇಲಕ್ಕೆ ತಗೊಂಡ್ಬಾ.”

ಸಾಮಾನು ಹೊರುವುದು ನನ್ನ ಹಳೆಯ ವಿದ್ಯೆ. ಹೊತ್ತೆ. ಇಸ್ತ್ರಿಯವರಿಬ್ಬರೂ ಕನ್ನಡಿಗಳ ಮುಂದೆ ಕೆಲಸ ಶುರು ಮಾಡಿದರು. ಹಬೆ ಕವಿದು ಕನ್ನಡಿಗಳಲ್ಲಿ ಯಾರ ತೋಳೂ ಯಾರಿಗೂ ಕಾಣದಂತಾಯಿತು. ಕೋಚ್ ಒಳಗಿನಿಂದ ಓಡಿ ಬಂದ.

“ಇದು ಜಿಮ್ ಮೇಡಂ. ಇಲ್ಲಿ ಇದೆಲ್ಲ ಏನು?”

“ಚಾವಣಿ ಚೆನ್ನಾಗಿದೆ ಇಲ್ಲಿ. ಏನೂ ಉದುರಲ್ಲ.”

“ನನ್ನ ಮೆಂಬರ್ಸ್ ಎಲ್ಲಾ ಸುಮ್ನೆ ನಿಂತಿದ್ದಾರೆ. ನನ್ನ ಬಿಸಿನೆಸ್ ಕಥೆ ಏನು?”

“ನಗ್ತಾ ಸ್ವೀಕರಿಸಪ್ಪ. ಗೋಡೆ ಮೇಲೆ ಬರೆಸಿದ್ದೀಯಲ್ಲ.”

ದಾಂಡಿಗ ಕಿಸಕ್ಕೆಂದ. ಕೋಚ್ ಕೆಂಪಾದ, ಎಳೆದು ಹಾಕಿಸ್ತೀನಿ, ಪೊಲೀಸ್ ಕರೀತೀನಿ ಎಂದು ಕುಣಿದಾಡಿದ. ಲೈಫಿನ ಕೋಚ್ ಕಳೆದುಕೊಂಡದ್ದು ಒಂದೇ ಒಂದು ಪಾಯಿಂಟ್, ಅಷ್ಟೆ. ಅಕ್ಕ ಅಲ್ಲಾಡಲಿಲ್ಲ. ಕೊನೆಗೆ ಅವನು ಕರೆದದ್ದು ಬಿಲ್ಡಿಂಗ್ ಯಜಮಾನರನ್ನು. ಫೋನಿನಲ್ಲಿ ಹೊಂದಿಕೊಂಡು ಹೋಗಲು ಹೇಳಿದ್ದ ಹಿರಿಯರು ಏದುಸಿರು ಬಿಡುತ್ತ ಬಂದು, ಒಗೆದ ಶೀಟಿನ ಮೇಲೆ ಕೈ ಸವರಿದರು, ಕೆಳಗಿಳಿದು ಚಾವಣಿ ನೋಡಿದರು, ಮತ್ತೆ ಹತ್ತಿ ಬಂದರು.

“ತೂಕ ಎತ್ತೋದೆಲ್ಲ ಹಿಂದಗಡೆ. ಕೆಳಗೆ ಸ್ಕೂಟರ್ ನಿಲ್ಲಿಸೋ ಜಾಗ ಇದೆ, ಅದರ ಮೇಲೆ ಎತ್ಕೊಳ್ಳಿ,” ಎಂದರು. ಆಮೇಲೆ ಅಕ್ಕನಿಗೆ, “ಗಾರೆ ಮಾತ್ರ ನೀವೇ ಮಾಡಿಸ್ಕೋಬೇಕಮ್ಮ.”

“ಬೀಳಿಸಿದೋನು ಅವನು, ಮಾಡಿಸೋಳು ನಾನಾ?”

“ಅಷ್ಟೇ ನನ್ನಿಂದಾಗೋದು.”

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು. ಇನ್ನೊಂದು ಮಹಾಯುದ್ಧವೆಂದು ನಾನು ಮೇಜಿನ ಮರೆಗೆ ಸರಿದೆ. ಆದರೆ ಅವಳು ಎದ್ದು ಸೀರೆ ಕೊಡವಿಕೊಂಡಳು. “ಕೇಳ್ಬೇಕಿತ್ತು, ಕೇಳಿದೆ. ತೀರ್ಪು ಬಂತು. ಇನ್ನು ಆಡೋದು,” ಎಂದು ಕೆಳಗಿಳಿದಳು.

ಸಂಜೆಯೊಳಗೆ ಶೀಟುಗಳು ಹೋಟೆಲ್ ಸೇರಿದವು. ಮೇಲ್ವಿಚಾರಕಿ ಒಂದೊಂದನ್ನೂ ಸವರಿ ನೋಡಿ ಶೀಟಿನ ಕೆಲಸ ಉಳಿಸಿದಳು. ಟವೆಲ್ಲುಗಳನ್ನು ಮಾತ್ರ ಬೇರೊಬ್ಬರಿಗೆ ಕೊಟ್ಟಳು. ಆ ಟವೆಲ್ಲುಗಳನ್ನು ಅಕ್ಕ ಇವತ್ತಿಗೂ ಮರೆತಿಲ್ಲ. ಕೋಚ್ ಎದುರಾಗಿ ನಮಸ್ಕಾರ ಅಂದರೆ ಇಸ್ತ್ರಿಯಿಂದ ಬುಸ್ಸೆಂದು ಹಬೆ ಬಿಡುತ್ತಾಳೆ. ಅಷ್ಟೇ ಉತ್ತರ.

ಮೊನ್ನೆ ಅಕ್ಕನನ್ನು ನೋಡಲು ಹೋದವನು ಹಿಂದಗಡೆ ಸ್ಕೂಟರ್ ನಿಲ್ಲಿಸಿದ್ದೆ. ಹೊರಡುವಾಗ ನೋಡುತ್ತೇನೆ, ಸೀಟಿನ ಮೇಲೆ ಗಾರೆಯ ಚಕ್ಕೆ, ಕನ್ನಡಿ ಎರಡು ಹೋಳು. ಹೆಲ್ಮೆಟ್ ಹಾಕಿಕೊಂಡು ಬಾಯಿಗೆ ಬಂದಂತೆ ಬೈಯುತ್ತ ನಿಂತೆ. ಅಕ್ಕ ಹಿಂಬಾಗಿಲಿಗೆ ಬಂದು ನೋಡಿದಳು.

“ಸ್ಪೋರ್ಟಿವ್ ಆಗಿ ತಗೋ,” ಅಂದಳು.

ಮೇಲೆ ಯಾರೋ ತೂಕ ಎತ್ತುತ್ತ ಮುಕ್ಕಿರಿಯುವುದು ಕೇಳಿಸಿತು. ಇನ್ನೂ ಇಳಿಸಿರಲಿಲ್ಲ. ನಾನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಮೆಟ್ಟಿಲ ಕಡೆಗೆ ಓಡಿದೆ.