ನಲ್ಲಿಗೆ ಕಟ್ಟಿದ ಅರ್ತ್ ಬಿಚ್ಚುವ ಯಮುನ

ಬೆಳಗ್ಗೆ ಆರು ಗಂಟೆ. ಚೆಟ್ಟಳ್ಳಿ ಹತ್ತಿರದ ಕಾಫಿ ತೋಟದ ಮನೆಯೊಂದರ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಲೆಕ್ಟ್ರಿಷಿಯನ್ ಯಮುನ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿರುವ ಟೆಸ್ಟರಿನ ತುದಿ ನೀರಿನ ನಲ್ಲಿಯ ಮೇಲಿದೆ. ಟೆಸ್ಟರಿನೊಳಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅವರು ಎದ್ದು, ಯಾರನ್ನೂ ಕೇಳದೆ, ಜಗಲಿ ಹತ್ತಿ ಮೈನ್ ಸ್ವಿಚ್ ಎಳೆದುಬಿಡುತ್ತಾರೆ.

"ಎಂತ ಮಾರಾಯ್ತಿ, ಒಳಗೆ ಮಿಕ್ಸಿ ಓಡ್ತಾ ಇತ್ತು!" ಮನೆ ಯಜಮಾನ ಉತ್ತಯ್ಯ ಅಡುಗೆಮನೆಯಿಂದ ಕೂಗುತ್ತಾರೆ.

"ನಿಲ್ಲಲಿ ಅಣ್ಣ. ನಿಮ್ಮ ನಲ್ಲೀಲಿ ನೀರಿನ ಜೊತೆ ಕರೆಂಟೂ ಬರ್ತಾ ಉಂಟು."

ಯಮುನ ಬಂದದ್ದು ನಲ್ಲಿ ನೋಡಲಿಕ್ಕಲ್ಲ. ಅಂಗಳಕ್ಕೆ ಆನೆ ಬರುವ ಮನೆ ಇದು. ಸೋಮವಾರ ಕಾಫಿ ಹಣ್ಣಿನ ಪಿಕಿಂಗ್ ಶುರು. ಲೈನ್ ಮನೆಗಳಿಂದ ಆಳುಗಳು ಕತ್ತಲಲ್ಲೇ ಬರುತ್ತಾರೆ. ಅದಕ್ಕೆ ಉತ್ತಯ್ಯ ಹನ್ನೆರಡು ಹೊಸ ಲೈಟು ತರಿಸಿದ್ದಾರೆ. ಮೊಬೈಲಿನಲ್ಲಿ ಒತ್ತಿದರೆ ಹೊತ್ತುತ್ತವೆ, ಎದುರು ಏನಾದರೂ ಸುಳಿದರೆ ತಾವೇ ಉರಿಯುತ್ತವೆ. ಆರನ್ನು ಹೋದ ತಿಂಗಳು ಯಾರೋ ಹಾಕಿ ಹೋದರು. ಅವು ಸುಮ್ಮಸುಮ್ಮನೆ ಮಿಣುಕುತ್ತಿವೆ. ಅದನ್ನು ಸರಿಮಾಡಿ ಉಳಿದ ಆರನ್ನೂ ಹಾಕಿಕೊಡು ಎಂದು ಶುಕ್ರವಾರ ಕರೆಸಿದ್ದಾರೆ.

ಮನೆಯ ವೈರಿಂಗಿಗೆ ಐವತ್ತು ವರ್ಷ. ಮರದ ಪಟ್ಟಿಯೊಳಗೆ ರಬ್ಬರ್ ವೈರು. ಮುಟ್ಟಿದರೆ ಸಿಪ್ಪೆ ಪುಡಿಯಾಗಿ ಉದುರುತ್ತದೆ. ಆಗಿನವರು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವೈರನ್ನು ಹಿತ್ತಿಲ ನಲ್ಲಿಗೆ ಬಿಗಿದಿದ್ದರು. ಕಬ್ಬಿಣದ ಪೈಪು ಉದ್ದಕ್ಕೂ ಮಣ್ಣಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಅದು ಹೇಗೋ ನಡೆಯಿತು. ನಾಲ್ಕು ವರ್ಷದ ಹಿಂದೆ ಪೈಪು ಕಿತ್ತು ಪ್ಲಾಸ್ಟಿಕ್ ಹಾಕಿಸಿದರು. ಹಳೇ ನಲ್ಲಿ ಗಟ್ಟಿ ಇದೆಯೆಂದು ಅದನ್ನೇ ಸಿಕ್ಕಿಸಿದರು, ಅರ್ತ್ ವೈರಿನ ಸಮೇತ. ಪ್ಲಾಸ್ಟಿಕ್ಕು ಕರೆಂಟನ್ನು ಮಣ್ಣಿಗಿಳಿಸುವುದಿಲ್ಲ. ಈಗ ಎಲ್ಲಿ ಕರೆಂಟು ಸೋರಿದರೂ ಬಂದು ನಿಲ್ಲುವುದು ನಲ್ಲಿಯಲ್ಲಿ. ಪ್ಲಂಬರ್ ನೋಡಲಿಲ್ಲ, ಲೈಟು ಹಾಕಿದವನು ನೋಡಲಿಲ್ಲ, ಯಜಮಾನರಂತೂ ಮೊಬೈಲಿನಲ್ಲಿ ಲೈಟಿನ ಬಣ್ಣ ಬದಲಾಯಿಸುವುದರಲ್ಲಿದ್ದರು.

ಆ ನಲ್ಲಿಯನ್ನು ದಿನಾ ಮುಟ್ಟುವವಳು ಪಾತ್ರೆ ತೊಳೆಯುವ ಚಿನ್ನಿ. ಬರಿಗಾಲು, ಒದ್ದೆ ಕೈ.

"ಒಂದು ತಿಂಗಳಿಂದ ಕೈ ಜುಮ್ಮನ್ನುದು ಅಕ್ಕ. ವಾಯು ಅಂತ ಎಣ್ಣೆ ಹಚ್ಕೊಂಡೆ. ಸಾವ್ಕಾರ್ರು ಚಪ್ಪಲಿ ಹಾಕ್ಕೊ ಅಂದ್ರು."

"ನೀನು ದಿನಕ್ಕೊಂದು ನೋವು ಹೇಳ್ತಿ, ನಂಗೆಂತ ಗೊತ್ತು?" ಉತ್ತಯ್ಯ ಸಿಡುಕುತ್ತಾರೆ. ಯಮುನ ಒಂದು ಗಳಿಗೆ ಮೈನ್ ಸ್ವಿಚ್ ಹಾಕಿ, ನಲ್ಲಿಗೆ ಮೀಟರ್ ಹಿಡಿದು ಅವರಿಗೇ ತೋರಿಸಿದ್ದು ತೊಂಬತ್ತೆರಡು ವೋಲ್ಟ್.

ಆದರೂ ಅವರದು ಒಂದೇ ಹಟ. "ಈಗ ಲೈಟ್ ಹಾಕು. ಅರ್ತ್ ಗಿರ್ತ್ ಪಿಕಿಂಗ್ ಮುಗಿದ ಮೇಲೆ ನೋಡುವ. ನೀನು ಮಾಡುದಿಲ್ಲ ಅಂದ್ರೆ ವಿರಾಜಪೇಟೆಯಿಂದ ಬೇರೆಯವ್ರು ಬರ್ತಾರೆ."

"ಬರಲಿ." ಯಮುನ ಮತ್ತೆ ಸ್ವಿಚ್ ಎಳೆದು ಮೈನ್ ಫ್ಯೂಸನ್ನೇ ಕಿತ್ತುಕೊಳ್ಳುತ್ತಾರೆ. "ಅವರು ಬರೋತನಕ ಈ ಫ್ಯೂಸ್ ನನ್ನ ಕಿಸೇಲಿ ಇರ್ತದೆ."

ಈ ಗಟ್ಟಿತನಕ್ಕೆ ಕಾರಣವಿದೆ. ನಲವತ್ತಾರರ ಯಮುನ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮಾಡುವಾಗ ತರಗತಿಗೆ ಒಬ್ಬಳೇ ಹುಡುಗಿ. ಕೆಲಸಕ್ಕೆ ಹೋದರೆ "ಗಂಡಸರು ಯಾರೂ ಬರ್ಲಿಲ್ವಾ?" ಎಂದು ಅವರ ಬೆನ್ನ ಹಿಂದೆ ಇಣುಕುತ್ತಿದ್ದರು. ಬೆನ್ನ ಹಿಂದೆ ಇರುತ್ತಿದ್ದವರು ಗಂಡ ವಸಂತ, ಜೀಪ್ ಡ್ರೈವರ್. "ನಂದು ಏಣಿ ಹಿಡಿಯೋ ಡಿಪಾರ್ಟ್‌ಮೆಂಟ್, ಪ್ರಮೋಷನ್ ಇಲ್ಲ" ಎನ್ನುತ್ತಾರೆ ಅವರು. ಕೆಲಸ ಕಲಿತ ಹೊಸತರಲ್ಲಿ ಒಂದು ಮನೆಯಲ್ಲಿ ಮಳೆಗಾಲವಿಡೀ ಟ್ರಿಪ್ ಸ್ವಿಚ್ ಬೀಳುತ್ತಿತ್ತು. ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು ಅದು. ಯಜಮಾನರ ಕಾಟ ತಾಳದೆ ಯಮುನ ಅದನ್ನು ತಪ್ಪಿಸಿ ವೈರ್ ಕೊಟ್ಟರು. ವಾರದೊಳಗೆ ಕಬ್ಬಿಣದ ಗೇಟು ತಾಗಿ ಕರೆಂಟು ಹೊಡೆದು ನಾಯಿ ಸತ್ತಿತು.

"ಆ ಗೇಟನ್ನ ದಿನಾ ತೆಗೀತಿದ್ದದ್ದು ಶಾಲೆಗೆ ಹೋಗೋ ಮಕ್ಕಳು. ಅದಾದ ಮೇಲೆ ಯಾರು ಬೈದ್ರೂ ಹೆದರುದಿಲ್ಲ," ಎನ್ನುತ್ತಾರೆ. ಹೋದ ವರ್ಷ ಹೊರಗಿನ ಲೈಟಿಗೆಂದು ಅವರು ನೋಡಿದ ಹಳೇ ಮನೆಗಳು ಅರವತ್ತೊಂದು. ಇಪ್ಪತ್ತಮೂರರಲ್ಲಿ ಅರ್ತ್ ಹೀಗೇ ನಲ್ಲಿಗಿತ್ತು. ಅದನ್ನು ಬದಲಾಯಿಸಲು ಒಪ್ಪದ ಒಂಬತ್ತು ಮನೆಗಳಿಂದ ಕೆಲಸ ಬಿಟ್ಟು ವಾಪಸ್ ಬಂದಿದ್ದಾರೆ.

ಇಲ್ಲಿಂದ ವಾಪಸ್ ಹೋಗುವುದಿಲ್ಲ. ಹೋದರೆ ಚಿನ್ನಿ ನಾಳೆಯೂ ಅದೇ ನಲ್ಲಿ ತಿರುಗಿಸುತ್ತಾಳೆ. ಫ್ಯೂಸ್ ಕಿಸೆಯಲ್ಲೇ ಇಟ್ಟುಕೊಂಡು ಯಮುನ ಹೊಸ ಅರ್ತ್ ಗುಂಡಿ ತೋಡಲು ಗುದ್ದಲಿ ಕೇಳುತ್ತಾರೆ. ಉತ್ತಯ್ಯ ಒಂದು ಗಂಟೆ ಕರೆಂಟಿಲ್ಲದ ಮನೆಯಲ್ಲಿ ಓಡಾಡಿ, ಕೊನೆಗೆ ತಾವೇ ಗುದ್ದಲಿ ತಂದು ಕೊಡುತ್ತಾರೆ. ಮಧ್ಯಾಹ್ನ ಇದ್ದಿಲು, ಉಪ್ಪಿನ ಮೂಟೆ ತರಲು ವಸಂತರ ಜೀಪನ್ನೂ ತಾವೇ ಹತ್ತುತ್ತಾರೆ.

ಎರಡು ದಿನ ಕೆಲಸ. ಎಂಟಡಿ ಪೈಪು ಕೆಂಪು ಮಣ್ಣಿಗಿಳಿಯುತ್ತದೆ, ತೇವ ಹಿಡಿದಿಡಲು ಸುತ್ತ ಇದ್ದಿಲು, ಉಪ್ಪು. ಮನೆಯೊಳಗಿನ ಅರ್ತ್ ಎಲ್ಲ ಅಲ್ಲಿಗೆ ತಿರುಗುತ್ತದೆ. ಹೊರಗಿನ ಲೈಟುಗಳಿಗೆ ಬೋರ್ಡಿನಿಂದಲೇ ಹೊಸ ವೈರು, ಬೇರೆ ಟ್ರಿಪ್ ಸ್ವಿಚ್ಚು. ನಲ್ಲಿಗೆ ಬಿಗಿದ ಹಳೇ ವೈರನ್ನು ಯಮುನ ಕತ್ತರಿಸಿ ಎಸೆಯುತ್ತಾರೆ.

ಭಾನುವಾರ ಸಂಜೆ ಹನ್ನೆರಡು ಲೈಟೂ ಮಿಣುಕದೆ ಉರಿಯುತ್ತವೆ. ಯಮುನ ಮೊದಲು ಮೀಟರ್ ಹಿಡಿದು ಸೊನ್ನೆ ನೋಡಿ, ಆಮೇಲೆ ಒದ್ದೆ ಕೈಯಲ್ಲಿ ನಲ್ಲಿ ಹಿಡಿಯುತ್ತಾರೆ. ನಂತರ ಚಿನ್ನಿ. ಅವಳು ಬೆರಳ ತುದಿ ತಾಗಿಸಿ ಹಿಂದೆಗೆದು, ಮತ್ತೆ ಪೂರ್ತಿ ಹಿಡಿದು ನಗುತ್ತಾಳೆ. "ವಾಯು ಹೋಯ್ತು ಅಕ್ಕ."

ಈ ಬರಹಕ್ಕೆ ಫೋಟೋ ತೆಗೆಯಬೇಕೆಂದಾಗ ಯಮುನ ಮುಖದ ಮಣ್ಣೂ ಒರೆಸಿಕೊಳ್ಳುವುದಿಲ್ಲ.

"ನನ್ನ ಫೋಟೋ ಸಣ್ಣಕ್ಕೆ ಹಾಕಿ, ಹಾಕದಿದ್ರೂ ಆಯ್ತು. ಆ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೀರಿ: ನಲ್ಲಿ ಪೈಪ್ ಬದಲಾಯಿಸಿದವ್ರು ಅರ್ತ್ ವೈರ್ ಎಲ್ಲಿಗೆ ಹೋಗಿದೆ ಅಂತ ಇವತ್ತೇ ನೋಡಿಸಿ. ನನ್ನನ್ನೇ ಕರೀಬೇಕು ಅಂತಿಲ್ಲ."