ಕಣ್ಣ ಕೆಳಗೆ ಹಚ್ಚುವ ಕ್ರೀಮು

ನಾನು ಹೆದರುಪುಕ್ಕಲಿ. ಗ್ಯಾಸ್ ಆರಿಸಿ, ಬೀಗ ಹಾಕಿ, ಲಿಫ್ಟಿನಲ್ಲಿ ಕೆಳಗಿಳಿದವಳು ಮತ್ತೆ ಮೇಲೆ ಬಂದು ನೋಡಿ ಹೋಗುವವಳು. ಕಣ್ಣಿನ ವಿಷಯದಲ್ಲಂತೂ ಕೇಳುವುದೇ ಬೇಡ. ನನ್ನ ಅನ್ನ ಕಣ್ಣಿನಿಂದಲೇ ಹುಟ್ಟಬೇಕು. ರಬಾಳೆಯ ಒಂದು ಕಾರ್ಖಾನೆಯಲ್ಲಿ ದಿನವಿಡೀ ಭೂತಗನ್ನಡಿಯ ಕೆಳಗೆ ಸರ್ಕಿಟ್ ಬೋರ್ಡುಗಳನ್ನಿಟ್ಟು, ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಹೆದರಿಕೆಗೆ ಇನ್ನೊಂದು ಕಾರಣ ನಮ್ಮ ಅತ್ತೆ.

ಅತ್ತೆಯ ಬಲಗಣ್ಣು ಹೋದದ್ದು ವಿಜಯಪುರದ ಕಡೆಯ ತವರಿನಲ್ಲಿ, ಅವರಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ. ಕಣ್ಣು ಕೆಂಪಾಗಿದೆ ಎಂದು ಯಾರೋ ಸೊಪ್ಪಿನ ರಸ ಹಿಂಡಿದರಂತೆ. ಆ ಕಣ್ಣಿಗೆ ಬೆಳಕು ಕತ್ತಲೆ ಗೊತ್ತಾಗುವುದಿಲ್ಲ. ಧೂಳು ಬಿದ್ದರೆ ಮಾತ್ರ ಉರಿದು ನೀರು ಸುರಿಯುತ್ತದೆ. ಹಾಗಾಗಿ ಈ ಮರಾಠಿ ಸೀಮೆಗೆ ಬಂದಮೇಲೂ ವರ್ತಕ ನಗರದ ನಮ್ಮ ಮನೆಯೊಳಗೆ ಕಣ್ಣಿಗೆಂದು ಅಂಗಡಿಯ ಪದಾರ್ಥ ಬಂದದ್ದೇ ಇಲ್ಲ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ತುಪ್ಪದಲ್ಲಿ ಕಲಸಿ ಅತ್ತೆ ಮಾಡುವ ಕಾಡಿಗೆಯೊಂದೇ ನಮ್ಮ ಅಲಂಕಾರ. ದಿನಾ ಬೆಳಿಗ್ಗೆ ಉಂಗುರ ಬೆರಳಿಗೆ ಅದನ್ನು ತೆಗೆದುಕೊಂಡು, ಕೆಳರೆಪ್ಪೆ ಜಗ್ಗಿ ಒಳಗೆ ಸರ್ರನೆ ಎಳೆದು, ಅದೇ ಉಸಿರಿಗೆ ಇನ್ನೊಂದು ಕಣ್ಣಿಗೂ ಎಳೆದು ನಾನು ಸ್ಟೇಷನ್ನಿಗೆ ಓಡುತ್ತಿದ್ದೆ.

ಅಂಥವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಹೊಸ ಸೂಪರ್‌ವೈಸರ್ ಒಂದು ದಿನ, "ಮ್ಯಾಡಮ್, ತಬಿಯತ್ ಠೀಕ್ ಹೈ ನಾ?" ಎಂದ. ಮೈ ಹುಷಾರಿದೆಯಾ ಎಂದು ಅವನು ಕನಿಕರದಿಂದಲೇ ಕೇಳಿದ್ದಿರಬೇಕು. ನನಗೆ ಮಾತ್ರ ಬೇರೆಯೇ ಕೇಳಿಸಿತು. ಇವಳ ಕಣ್ಣು ಸೋತಿವೆ, ಪ್ಯಾಕಿಂಗಿಗೆ ಹಾಕಿ ಎಂದುಬಿಟ್ಟರೆ? ವಾಶಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಪಕ್ಕದಲ್ಲಿ ಕೂರುವ ಮಂಗಳೂರಿನ ಗೆಳತಿಯ ಹತ್ತಿರ ಗೋಳು ತೋಡಿಕೊಂಡೆ. ಮರುವಾರವೇ ಅವಳು ಒಂದು ಪುಟ್ಟ ಟ್ಯೂಬು ತಂದುಕೊಟ್ಟಳು.

"ಕಣ್ಣಿನ ಕೆಳಗೆ ಎಲುಬು ಸಿಗ್ತದಲ್ಲಾ, ಅಲ್ಲಿಗೆ ಸ್ವಲ್ಪ ಹಚ್ಚುದು ಮಾರಾಯ್ತಿ. ಒಳಗೆ ಮಾತ್ರ ಹೋಗ್ಬಾರ್ದು, ಆಯ್ತಾ?"

ಹೆದರಲು ಅಷ್ಟು ಸಾಕಾಯಿತು ನನಗೆ. ಟ್ಯೂಬನ್ನು ಕಪಾಟಿನಲ್ಲಿ ಸೀರೆಗಳ ಹಿಂದೆ ಇಟ್ಟೆ. ಒಂದೆರಡು ಸಲ ಮುಂಗೈಗೆ ಹಚ್ಚಿ, ಕೆಂಪಾಯಿತೇ ಎಂದು ಗಳಿಗೆಗೊಮ್ಮೆ ನೋಡಿಕೊಂಡೆ. ಏನೂ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಯಜಮಾನರು ಡ್ಯೂಟಿಗೆ, ಮಗಳು ಡೊಂಬಿವಲಿಯ ಗೆಳತಿಯ ಮನೆಗೆ ಹೋಗಿದ್ದಾಗ, ಧೈರ್ಯ ಮಾಡಿ ಕನ್ನಡಿಯ ಮುಂದೆ ಕೂತೆ. ಎಲುಬು ಎಲ್ಲಿದೆ ಎಂದು ತಡವಿ ನೋಡಿಕೊಂಡೆ. ಕನ್ನಡಕ ತೆಗೆದೆ. ಉಂಗುರ ಬೆರಳಿಗೆ ಕ್ರೀಮು ತೆಗೆದುಕೊಂಡೆ.

ಆ ಬೆರಳಿಗೆ ಗೊತ್ತಿದ್ದುದು ಒಂದೇ ದಾರಿ. ಕೆಳರೆಪ್ಪೆ ಜಗ್ಗಿ ಒಳಗೆ ಎಳೆಯಿತು. ಏನು ಮಾಡಿದೆ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಇನ್ನೊಂದು ಕಣ್ಣಿಗೂ ಎಳೆದಾಗಿತ್ತು.

ಮೆಣಸಿನಕಾಯಿ ಅರೆದು ತುಂಬಿದಂತೆ ಉರಿ ಹತ್ತಿತು. ಕಷ್ಟಪಟ್ಟು ಕಣ್ಣು ಬಿಟ್ಟರೆ ಕನ್ನಡಿಯೂ ಇಲ್ಲ, ಕಿಟಕಿಯೂ ಇಲ್ಲ, ಎಲ್ಲ ಬೆಳ್ಳಗೆ. ನಾನು ಕಿರುಚಿದ್ದು ಮೇಲಿನ ಮನೆಗೂ ಕೇಳಿಸಿತಂತೆ. ಅತ್ತೆ ಓಡಿ ಬಂದವರೇ ಟ್ಯೂಬು ಮೂಸಿದರು.

"ಯವ್ವಾ! ಕಣ್ಣಾಗ ಹಚ್ಚಿಕೊಂಡೀ ಏನ?"

ಬಚ್ಚಲಿಗೆ ಎಳೆದುಕೊಂಡು ಹೋಗಿ, ರೆಪ್ಪೆ ಬಿಡಿಸಿ, ತಂಬಿಗೆಯ ಮೇಲೆ ತಂಬಿಗೆ ನೀರು ಹೊಯ್ದರು. ನಾನು "ಅತ್ತೀ, ನನ್ನ ಕಣ್ಣು ಹೋದುವೇನ್ರಿ?" ಎಂದು ಕೇಳುತ್ತಲೇ ಇದ್ದೆ. ಅವರು ಇನ್ನೊಂದು ತಂಬಿಗೆ ತುಂಬಿಕೊಂಡರು.

ರಸ್ತೆ ದಾಟಿಸಿ ರಿಕ್ಷಾ ಹತ್ತಿಸಿದವರೂ ಅವರೇ. ಇಬ್ಬರಲ್ಲೂ ಸೇರಿ ಕಾಣುತ್ತಿದ್ದುದು ಅವರ ಎಡಗಣ್ಣೊಂದೇ. ಬಲಗಡೆಯಿಂದ ಹಾರ್ನ್ ಕೇಳಿದಾಗಲೆಲ್ಲ ನಾನು ಅವರ ಸೆರಗು ಜಗ್ಗುತ್ತಿದ್ದೆ. ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು ನೋಡಿ, ಮೇಲಿನ ಪದರಕ್ಕೆ ಪೆಟ್ಟಾಗಿದೆ, ಒಳಗೆ ಏನೂ ಆಗಿಲ್ಲ, ವಾಸಿಯಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿ ಪಟ್ಟಿ ಕಟ್ಟಿದರು. ನಾನು ನಂಬಲಿಲ್ಲ. ಪಟ್ಟಿಯ ಒಳಗಿನ ಕತ್ತಲಲ್ಲಿ ಮಲಗಿ, ಇದೇ ಇನ್ನು ಕೊನೆತನಕ ಎಂದುಕೊಂಡೆ. ಅತ್ತೆ ನನ್ನ ಕೈ ಹಿಡಿದು ಮಂಚದ ಪಕ್ಕದಲ್ಲೇ ಕೂತಿದ್ದರು. ಒಂದು ಕಣ್ಣಿಗೆ ಈ ಕತ್ತಲು ಕವಿದಾಗ ಅವರಿಗೆ ಹೇಗನಿಸಿತ್ತು ಎಂದು ಅಷ್ಟು ವರ್ಷಗಳಲ್ಲಿ ನಾನು ಕೇಳಿರಲಿಲ್ಲ. ಆಗಲೂ ಕೇಳುವ ಧೈರ್ಯ ಬರಲಿಲ್ಲ.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವರ ಮುಖ. ಮಸುಕಾಗಿ ಕಂಡಿತು, ಆದರೆ ಕಂಡಿತು. ನಾನು ಅತ್ತುಬಿಟ್ಟೆ. ಮತ್ತೆ ಕೆಲಸಕ್ಕೂ ಹೋದೆ. ಕಣ್ಣ ಕೆಳಗಿನ ಕಪ್ಪು ಹಾಗೇ ಇದೆ, ಇರಲಿ ಬಿಡಿ.

ಈ ವರ್ಷ ಮಗಳು ಕಾಲೇಜು ಸೇರಿದಳು. ಮೊನ್ನೆ ಅವಳೂ ಒಂದು ಟ್ಯೂಬು ತಂದಳು. ಬೇಡವೆಂದರೆ, "ಮಮ್ಮಿ, ಸಬ್ ಲಗಾತೆ ಹೈಂ" ಎಂದು, ಎಲ್ಲರೂ ಹಚ್ಚಿಕೊಳ್ಳುವುದೇ ಎಂಬಂತೆ ನಕ್ಕು ಸ್ನಾನಕ್ಕೆ ಹೋದಳು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಕನ್ನಡಿಯ ಮುಂದೆ ಕೂತು, ಬಲಗಣ್ಣಿನ ರೆಪ್ಪೆ ಜಗ್ಗಿ, ಒಳಗೆ ಬೆರಳು ಎಳೆಯುತ್ತಿದ್ದರು.

"ಅತ್ತೀ! ಏನ್ ಮಾಡಾಕತ್ತೀರಿ?"

"ಯಾಕ ಚೀರ್ತಿ? ಈ ಕಣ್ಣಿಗೆ ಇನ್ನೇನ್ ಆಗೂದೈತಿ? ಹುಡುಗಿ ಹಚ್ಚಿಕೊಳ್ಳೂಕಿಂತ ಮೊದ್ಲ ನೋಡಾಕತ್ತೀನಿ."

ನಾನು ತಂಬಿಗೆ ತರಲು ಓಡಿದೆ. ತರುವಷ್ಟರಲ್ಲಿ ಆ ಕಣ್ಣು ಕೆಂಪಾಗಿ, ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಅತ್ತೆ ಅಲುಗಾಡದೆ ಕೂತಿದ್ದರು.

"ಉರೀತೈತಿ," ಅಂದರು. "ಆಕಿಗೆ ಬ್ಯಾಡಂತ ಹೇಳು."